ಸೇವಂತಿಗೆ ಅಳಿಸಿಹೋದ ಬಂದೂಕುಗಳು

ಎರಡನೇ ಮಹಾಯುದ್ಧದಲ್ಲಿ ಸೋತು ಶರಣಾದ ಜಪಾನಿಗೆ 1946ರಲ್ಲಿ ಭಾರತದಿಂದಲೂ ಪಡೆಗಳು ಹೋಗಿದ್ದವು. ಬೆಳಗಾವಿಯನ್ನು 1922ರಿಂದ ತನ್ನ ಕೇಂದ್ರವಾಗಿ ಮಾಡಿಕೊಂಡಿರುವ ಮರಾಠಾ ಲಘು ಪದಾತಿ ದಳದ ಮೊದಲನೇ ಪಲ್ಟನ್, ಅಂದರೆ ‘ಜಂಗಿ ಪಲ್ಟನ್’, ಅವುಗಳಲ್ಲಿ ಒಂದು. ಇಟಲಿಯ ರಣರಂಗದಲ್ಲಿ ಹೋರಾಡಿದ್ದ ಈ ಸೈನಿಕರು ಜಪಾನಿನಲ್ಲಿ ಇದ್ದಾಗ ಅವರ ಬ್ರಿಗೇಡಿನ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಅಲ್ಲಿ ಬೀಡುಬಿಟ್ಟ ಪಡೆಗಳಿಗೆ ವಹಿಸಿದ್ದ ಮುಖ್ಯ ಕೆಲಸಗಳಲ್ಲಿ ಒಂದು, ಜಪಾನೀ ಸೇನೆಯ ಆಯುಧಗಳನ್ನು ಹುಡುಕಿ ನಾಶಪಡಿಸುವುದು.

ಹಾಗೆ ಲಕ್ಷಗಟ್ಟಲೆ ಬಂದೂಕುಗಳು ಕುಲುಮೆಗೂ ಸಮುದ್ರಕ್ಕೂ ಸೇರಿದವು. ಉಳಿದವುಗಳಲ್ಲಿ ಬಹಳಷ್ಟನ್ನು ಅಮೆರಿಕದ ಸೈನಿಕರು ನೆನಪಿಗೆಂದು ಮನೆಗೆ ಒಯ್ದರು. ಇಂದು ಸಂಗ್ರಾಹಕರು ಭೂತಗನ್ನಡಿ ಹಿಡಿದು ನೋಡುವುದು ಇವನ್ನೇ. ಅವರು ಏನನ್ನು ನೋಡುತ್ತಾರೆ?

ಹೆಚ್ಚಾಗಿ ಸಿಗುವುದು ‘99ನೇ ಮಾದರಿ’. ಜಪಾನಿನ ಸಾಮ್ರಾಜ್ಯ ಪಂಚಾಂಗದ ಪ್ರಕಾರ 1939 ಎಂದರೆ 2599ನೇ ವರ್ಷ. ಹೆಸರು ಬಂದದ್ದು ಅಲ್ಲಿಂದ. 7.7 ಮಿಲಿಮೀಟರಿನ ಗುಂಡು ಹಾರಿಸುವ ಈ ರೈಫಲ್‌ಗಳು 20 ಲಕ್ಷಕ್ಕೂ ಹೆಚ್ಚು ತಯಾರಾದವು. ಮೊದಲ ವರ್ಷಗಳವು ನಿಜಕ್ಕೂ ಅಚ್ಚುಕಟ್ಟು. ನಳಿಗೆಯ ಒಳಮೈಗೆ ಕ್ರೋಮ್ ಲೇಪ, ಧೂಳು ಹೋಗದಂತೆ ಜಾರುವ ತಗಡಿನ ಮುಚ್ಚಳ, ನೆಲಕ್ಕೆ ಊರಲು ತಂತಿಯ ಒಂಟಿ ಕಾಲು. ಗುರಿಪಟ್ಟಿಯ ಎರಡೂ ಕಡೆ ಬಿಚ್ಚಿಕೊಳ್ಳುವ ರೆಕ್ಕೆಗಳೂ ಇದ್ದವು. ಹಾರುವ ವಿಮಾನಕ್ಕೆ ಗುರಿ ಇಡಲು ಅವು ಬೇಕಂತೆ! ಕಾಲಾಳು ಒಂಟಿ ರೈಫಲ್ಲಿನಿಂದ ವಿಮಾನ ಬೀಳಿಸುತ್ತಾನೆಂಬ ಭರವಸೆ ಯಾರದೋ ಗೊತ್ತಿಲ್ಲ.

ಯುದ್ಧ ತಿರುಗಿ ಉಕ್ಕು, ಕುಶಲ ಕೆಲಸಗಾರರು, ಸಮಯ ಮೂರಕ್ಕೂ ಬರ ಬಂದಾಗ ಇವು ಒಂದೊಂದಾಗಿ ಉದುರಿದವು. ರೆಕ್ಕೆ, ಒಂಟಿ ಕಾಲು, ಮುಚ್ಚಳ ಹೋದವು. ಏರಿಳಿಸುವ ಗುರಿಪಟ್ಟಿಯ ಜಾಗದಲ್ಲಿ ಒಂದೇ ದೂರಕ್ಕೆ ಹೊಂದಿಸಿದ ತೂತಿನ ತುಂಡು ಬಂತು. ಭುಜಕ್ಕೆ ಒತ್ತಿಕೊಳ್ಳುವ ಕಡೆಯಲ್ಲಿದ್ದ ಉಕ್ಕಿನ ತಗಡಿನ ಬದಲು ಮೊಳೆ ಹೊಡೆದ ಮರದ ಹಲಗೆ. ಬೋಲ್ಟಿನ ಹಿಡಿಯ ತುದಿ ಮೊದಲು ಮೊಟ್ಟೆಯಾಕಾರದ ನುಣುಪು ಗುಂಡು. ಕೊನೆಗೆ ಬರೀ ಉರುಳೆ. ಒಳಗಿನ ಕ್ರೋಮ್ ಲೇಪವೂ ಇಲ್ಲವಾಯಿತು. ಅರ ತಿಕ್ಕಿದ ಗೆರೆಗಳು ಲೋಹದ ಮೇಲೆ ಹಾಗೇ ಉಳಿದವು.

ವಡಗಾವಿಯ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಈ ಬಗೆಯ ಓದು ಹೊಸದೇನಲ್ಲ. ಸೀರೆಯ ಸೆರಗನ್ನು ಬೆರಳಲ್ಲಿ ತಿಕ್ಕಿ ನೂಲು ಎಂಥದು, ಎಳೆ ಎಲ್ಲಿ ಕಡಿಮೆ ಮಾಡಿದ್ದಾರೆ ಎಂದು ಹೇಳಬಲ್ಲ ಹಿರಿಯರಿದ್ದಾರೆ. ಬಂದೂಕಿನಲ್ಲೂ ಅಷ್ಟೇ. ಎಲ್ಲಿ ಕೈಬಿಟ್ಟರು ಎಂಬುದು ಎಷ್ಟು ಕೊರತೆ ಇತ್ತೆಂಬುದನ್ನು ಹೇಳುತ್ತದೆ.

ಆದರೆ ಒರಟುತನ ನೋಡಿಯೇ ವರ್ಷ ಹೇಳಲಾಗದು. ಎಲ್ಲ ಕಾರ್ಖಾನೆಗಳೂ ಒಂದೇ ದಿನ ಬದಲಾಗಲಿಲ್ಲ. ಹಳೆಯ ಬಿಡಿಭಾಗ ಉಳಿದಿದ್ದರೆ ಹೊಸ ಬಂದೂಕಿಗೂ ಅದನ್ನೇ ಹಾಕುತ್ತಿದ್ದರು. ಅದಕ್ಕೇ ಎಡಮಗ್ಗುಲಿನ ಗುರುತುಗಳನ್ನು ಓದಬೇಕು. ಅಲ್ಲಿ ಕ್ರಮಸಂಖ್ಯೆಯ ಮುಂದೆ ವೃತ್ತದೊಳಗೆ ಒಂದು ಜಪಾನೀ ಅಕ್ಷರ ಇರುತ್ತದೆ. ಒಂದು ಸರಣಿ 99,999ಕ್ಕೆ ಮುಗಿದರೆ ಮುಂದಿನ ಅಕ್ಷರ. ನಮ್ಮ ‘ಅ, ಆ, ಇ’ ಇದ್ದಂತೆ ಅವರ ಹಳೆಯ ಕ್ರಮ ‘ಇ, ರೋ, ಹಾ’. ಅಕ್ಷರಗಳನ್ನು ಕಾರ್ಖಾನೆಗಳಿಗೆ ಹಂಚಿಕೊಟ್ಟಿದ್ದರು. ಸಂಖ್ಯೆಯ ನಂತರ ಬರುವುದು ಕಾರ್ಖಾನೆಯ ಮುದ್ರೆ. ನಗೋಯಾ, ಕೊಕುರಾ, ಕೊರಿಯಾದ ಜಿನ್ಸೆನ್ (ಇಂದಿನ ಇಂಚಿಯಾನ್) ಇವುಗಳ ಜೊತೆಗೆ ಹಿರೋಷಿಮಾದ ಟೋಯೋ ಕೋಗ್ಯೋ ಕೂಡ ಈ ರೈಫಲ್ ಮಾಡಿತು. ಅದೇ ಕಂಪನಿ ಇಂದಿನ ಮಜ್ದಾ ಕಾರಿನದು. ಕೊಕುರಾದ ಶಸ್ತ್ರಾಗಾರವನ್ನಂತೂ ಚರಿತ್ರೆ ಮರೆಯುವಂತಿಲ್ಲ. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬು ಬೀಳಬೇಕಿದ್ದದ್ದು ಅದರ ಮೇಲೆ. ಆಕಾಶ ಮುಸುಕಿದ್ದರಿಂದ ವಿಮಾನ ನಾಗಸಾಕಿಗೆ ತಿರುಗಿತು.

ಇನ್ನು ಸೇವಂತಿಗೆ. ಗುಂಡು ತುಂಬುವ ಭಾಗದ ಮೇಲ್ಬದಿಯಲ್ಲಿ 16 ದಳಗಳ ಹೂವನ್ನು ಕೊರೆಯುತ್ತಿದ್ದರು. ಅದು ಚಕ್ರವರ್ತಿಯ ಲಾಂಛನ; ಬಂದೂಕು ಅವನ ಸ್ವತ್ತು ಎಂಬ ಅರ್ಥ. ಶರಣಾಗತಿಯ ಸಮಯದಲ್ಲಿ ಒಪ್ಪಿಸಿದ ಬಂದೂಕುಗಳಲ್ಲಿ ಈ ಹೂವನ್ನು ಉಜ್ಜಿ ಅಳಿಸಿರುವುದು ಸಾಮಾನ್ಯ. ಚಕ್ರವರ್ತಿಯ ಗುರುತು ಶತ್ರುವಿನ ಕೈ ಸೇರಬಾರದೆಂದು ಹೀಗೆ ಮಾಡಿದರೆನ್ನುತ್ತಾರೆ. ರಣರಂಗದಲ್ಲಿ ಸಿಕ್ಕವುಗಳಲ್ಲಿ ಹೂವು ಸಾಮಾನ್ಯವಾಗಿ ಹಾಗೇ ಇರುತ್ತದೆ. ಅದಕ್ಕೇ ಹೂವಿರುವ ಬಂದೂಕಿಗೆ ಬೆಲೆ ಹೆಚ್ಚು. ಅಳಿಸಿದ ಹೂವನ್ನು ಮತ್ತೆ ಕೊರೆದು ಮೋಸ ಮಾಡುವವರೂ ಇದ್ದಾರೆ. ಸುತ್ತಲಿನ ಲೋಹಕ್ಕಿಂತ ಹೂವಿನ ಜಾಗ ತಗ್ಗಾಗಿದ್ದರೆ ಅನುಮಾನಿಸಬೇಕು.

ಕೊನೆಯ ಕಾಲದ ಈ ಒರಟು ರೈಫಲ್‌ಗಳು ಹಾರಿಸಿದವನ ಕೈಯಲ್ಲೇ ಸಿಡಿಯುತ್ತವೆ ಎಂಬ ಮಾತು ಬಹಳ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಹೊರಗಿನ ಅಂದ ಹೋದರೂ ಗುಂಡಿನ ಒತ್ತಡ ತಡೆಯುವ ಮುಖ್ಯ ಭಾಗಗಳ ವಿನ್ಯಾಸವನ್ನು ಅವರು ಬಿಟ್ಟುಕೊಡಲಿಲ್ಲ. ಮಾತು ಹುಟ್ಟಿದ್ದು ಬೇರೊಂದು ಜಾತಿಯಿಂದ. ಶಾಲೆಗಳ ಹುಡುಗರಿಗೆ ಕವಾಯತು ಕಲಿಸಲು ಸಣ್ಣ ಕಾರ್ಖಾನೆಗಳು ಮೆತು ಕಬ್ಬಿಣ ಎರಕ ಹೊಯ್ದು ಬಂದೂಕುಗಳನ್ನು ಮಾಡಿದ್ದವು. ನೋಡಲು ಅದೇ ರೂಪ, ಆದರೆ ಬರಿಯ ಖಾಲಿ ಮದ್ದಿನ ಸದ್ದಿಗೆ ಮಾತ್ರ. ಅದಕ್ಕೆ ನಿಜವಾದ ಗುಂಡು ತುಂಬಿದರೆ ಸಿಡಿಯುವುದು ಖಂಡಿತ ಎನ್ನಬಹುದು. ಗುರುತು ಸುಲಭ: ನಳಿಗೆಯೊಳಗೆ ಬೆಳಕು ಹಾಯಿಸಿದರೆ ಸುರುಳಿ ಗೀರುಗಳು ಕಾಣುವುದಿಲ್ಲ, ಒಳಮೈ ನುಣುಪು. ಹಿಂಬದಿಯ ಬಾಲದಂಥ ಪಟ್ಟಿಯೂ ಪ್ರತ್ಯೇಕ ತುಂಡಾಗಿರದೆ ಒಂದೇ ಎರಕದಲ್ಲಿ ಬಂದಿರುತ್ತದೆ.

ನಮ್ಮಲ್ಲಿ ಸೈನ್ಯಕ್ಕೆ ಹೋಗಿಬಂದ ಅಜ್ಜಂದಿರ ಮನೆಗಳು ಬೆಳಗಾವಿ, ಖಾನಾಪುರ ಸುತ್ತ ಎಷ್ಟೋ ಇವೆ. ಅಟ್ಟದ ಮೇಲೆ ಹಳೆಯ ಬಂದೂಕು ಸಿಕ್ಕಿದರೆ ಅದು ಯಾವ ದೇಶದ್ದೇ ಇರಲಿ, ಮೊದಲು ಪೊಲೀಸ್ ಠಾಣೆಗೆ ತಿಳಿಸಬೇಕು. ರಿಪೇರಿ ಮಾಡಿ ಹಾರಿಸಬಹುದಾದ ಬಂದೂಕನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಅದರ ಮೇಲೆ ಸೇವಂತಿಗೆ ಇದೆಯೇ ಎಂದು ಅನಂತರ ನೋಡಬಹುದು.