ಘಾಟಿಯ ಇಳಿಜಾರೂ ಬ್ರೇಕಿನ ಬಿಸಿಯೂ

ದಸರೆಯ ರಜೆ ಬಂದಿತೆಂದರೆ ಬಯಲುಸೀಮೆಯಿಂದ ಕರಾವಳಿಗೆ ಹೊರಟ ವಾಹನಗಳ ಸಾಲು ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಕಾಣತೊಡಗುತ್ತದೆ. ಘಾಟಿಯನ್ನು ಏರುವಾಗ ಎಂಜಿನ್ನು ಏದುಸಿರು ಬಿಡುವುದರಿಂದ ಏರುವುದೇ ಕಷ್ಟದ ಕೆಲಸವೆಂದು ಹಲವರು ಭಾವಿಸುತ್ತಾರೆ. ಆದರೆ ಹೆಚ್ಚಿನ ಎಚ್ಚರವನ್ನು ಬೇಡುವುದು ಇಳಿಜಾರು. ಏರುವಾಗ ಎಂಜಿನ್ನು ಸೋತರೆ ಬಂಡಿ ನಿಂತೀತು. ಇಳಿಯುವಾಗ ಬ್ರೇಕು ಸೋತರೆ ಬಂಡಿ ನಿಲ್ಲದು. ಬ್ರೇಕು ಸೋಲುವುದೇಕೆ, ಸೋಲದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ನಾವು ಇಲ್ಲಿ ವಿಚಾರಮಾಡೋಣ.

ಎತ್ತರದಲ್ಲಿರುವ ಪ್ರತಿಯೊಂದು ವಸ್ತುವಿನಲ್ಲಿಯೂ ಪ್ರಚ್ಛನ್ನ ಶಕ್ತಿ ಅಡಗಿರುವುದೆಂದು ನಾವು ಭೌತಶಾಸ್ತ್ರದಲ್ಲಿ ಕಲಿತಿದ್ದೇವೆ. ಜನರೂ ಸಾಮಾನುಗಳೂ ಸೇರಿ ೧,೫೦೦ ಕಿಲೋಗ್ರಾಂ ತೂಗುವ ಕಾರೊಂದು ೫೦೦ ಮೀಟರ್ ಎತ್ತರದಿಂದ ಕೆಳಗಿಳಿಯುವುದೆಂದು ಭಾವಿಸೋಣ. ಅದು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು ೭೩.೫ ಲಕ್ಷ ಜೌಲ್. ಶಕ್ತಿಗೆ ನಾಶವಿಲ್ಲ. ಬಂಡಿಯ ವೇಗ ಹೆಚ್ಚಕೂಡದೆಂದಾದರೆ ಅದೆಲ್ಲವೂ ಉಷ್ಣವಾಗಿ ಮಾರ್ಪಡಲೇಬೇಕು. ೧೮೪೦ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್, ಕೆಳಗಿಳಿಯುವ ತೂಕದ ಬಟ್ಟುಗಳಿಂದ ನೀರಿನೊಳಗಿನ ಚಕ್ರವನ್ನು ತಿರುಗಿಸಿ, ನೀರು ಬಿಸಿಯಾಗುವುದನ್ನು ಅಳೆದು ತೋರಿಸಿದನು. ಘಾಟಿಯಲ್ಲಿ ಇಳಿಯುವ ಪ್ರತಿಯೊಂದು ಬಂಡಿಯೂ ಇದೇ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ನಡೆಸುತ್ತದೆ. ನಮ್ಮ ಕಾರಿನ ಆ ಉಷ್ಣ ಸುಮಾರು ೨೩ ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು!

ಈ ಉಷ್ಣ ಹೋಗುವುದೆಲ್ಲಿಗೆ? ಗಾಳಿಯ ಅಡ್ಡಿ ಮತ್ತು ಟೈರುಗಳ ಘರ್ಷಣೆ ಒಂದು ಪಾಲನ್ನು ನುಂಗುತ್ತವೆ. ಉಳಿದುದನ್ನೆಲ್ಲ ಚಾಲಕನು ಬ್ರೇಕಿಗೇ ಒಪ್ಪಿಸಿ, ಕಾಲನ್ನು ಅದರ ಮೇಲಿಂದ ತೆಗೆಯದೆ ಇಳಿದರೆ, ಗಾಲಿಗಳಲ್ಲಿರುವ ಕೆಲವೇ ಕಿಲೋಗ್ರಾಂ ಕಬ್ಬಿಣ ಅದನ್ನು ತಾಳಬೇಕಾಗುತ್ತದೆ. ಬೀಸುವ ಗಾಳಿ ಅದನ್ನು ತಣಿಸುವುದೇನೋ ನಿಜ; ಆದರೆ ಉಷ್ಣವು ಬರುವ ವೇಗ ಹೋಗುವ ವೇಗಕ್ಕಿಂತ ಹೆಚ್ಚಾದಲ್ಲಿ ಬ್ರೇಕು ಕಾಯುತ್ತಲೇ ಹೋಗುವುದು.

ಆಗ ಎರಡು ವಿಪತ್ತುಗಳು ಸಂಭವಿಸಬಹುದು. ಬ್ರೇಕಿನ ಪ್ಯಾಡುಗಳನ್ನು ಕಟ್ಟಿ ಹಿಡಿದಿರುವ ರಾಳ ಅತಿಯಾದ ಬಿಸಿಗೆ ಸಿಲುಕಿ ಅನಿಲವನ್ನು ಬಿಡುತ್ತದೆ. ಘರ್ಷಣೆ ಕುಗ್ಗಿ, ಎಷ್ಟು ಬಲವಾಗಿ ತುಳಿದರೂ ಹಿಡಿತ ಸಾಲದಾಗುತ್ತದೆ. ಎರಡನೆಯದು ಇನ್ನೂ ಭಯಂಕರ. ತುಳಿತದ ಒತ್ತಡವನ್ನು ಗಾಲಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ ೩’ ದರ್ಜೆಯ ಆಯಿಲ್ ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಮೇಲೆ ಈ ಮಿತಿ ೧೪೦ ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತಲ್ಲದೆ ಆವಿಯು ಒತ್ತಿದರೆ ಕುಗ್ಗುವುದರಿಂದ, ಪೆಡಲು ನೆಲಮುಟ್ಟಿದರೂ ಬಂಡಿ ನಿಲ್ಲದು. ಹಳೆಯ ಆಯಿಲನ್ನು ಕಾಲಕಾಲಕ್ಕೆ ಬದಲಾಯಿಸಬೇಕೆನ್ನುವುದು ಇದಕ್ಕಾಗಿಯೇ.

ಹಾಗಾದರೆ ಉಪಾಯವೇನು? ಉಷ್ಣದ ಬಹುಪಾಲನ್ನು ಎಂಜಿನ್ನಿಗೆ ವಹಿಸುವುದು. ಬಂಡಿ ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲನ್ನು ತೆಗೆದಾಗ, ಎಂಜಿನ್ನು ಗಾಲಿಗಳನ್ನು ತಿರುಗಿಸುವ ಬದಲು ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಪೆಟ್ರೋಲು ಎಂಜಿನ್ನಿನಲ್ಲಿ ಗಾಳಿಯ ದಾರಿ ಬಹುಮಟ್ಟಿಗೆ ಮುಚ್ಚಿರುವುದರಿಂದ ಪಿಸ್ಟನ್ನುಗಳು ಎಳೆದಾಡಿ ಶ್ರಮಿಸಬೇಕಾಗುತ್ತದೆ. ಈ ಶ್ರಮವೇ ಬಂಡಿಗೆ ತಡೆ. ಇದರಿಂದ ಹುಟ್ಟಿದ ಉಷ್ಣವನ್ನು ಹೊಗೆಕೊಳವೆಯೂ ರೇಡಿಯೇಟರೂ ಹೊರಗೊಯ್ಯುತ್ತವೆ. ಗೇರು ಕೆಳಗಿನದಾದಷ್ಟೂ ಗಾಲಿಯ ಒಂದು ಸುತ್ತಿಗೆ ಎಂಜಿನ್ನಿನ ಸುತ್ತುಗಳು ಹೆಚ್ಚುವುದರಿಂದ ತಡೆಯೂ ಹೆಚ್ಚುತ್ತದೆ. ‘ಏರುವಾಗ ಯಾವ ಗೇರೋ, ಇಳಿಯುವಾಗಲೂ ಅದೇ ಗೇರು’ ಎಂಬ ಚಾಲಕರ ಹಳೆಯ ಸೂತ್ರದ ಮರ್ಮವಿದು.

ಪೆಟ್ರೋಲು ಉಳಿಸುವ ಆಸೆಯಿಂದ ಬಂಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಇಳಿಯುವವರುಂಟು. ಇದು ಅಪಾಯಕರ ಮಾತ್ರವಲ್ಲ, ಲೆಕ್ಕವೂ ತಪ್ಪು. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ಸಾಮಾನ್ಯವಾಗಿ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನನ್ನು ಜೀವಂತವಾಗಿಡಲು ಇಂಧನ ಸುಡಬೇಕು. ಎಂಜಿನ್ನನ್ನೇ ಆರಿಸಿದರೆ ಬ್ರೇಕಿನ ತುಳಿತಕ್ಕೆ ಅದರಿಂದ ದೊರೆಯುತ್ತಿದ್ದ ನೆರವು ಕೆಲವೇ ತುಳಿತಗಳಲ್ಲಿ ಮುಗಿದು, ಪೆಡಲು ಕಲ್ಲಾಗುವುದು. ವಿದ್ಯುತ್ ಕಾರುಗಳಲ್ಲಿ ಮೋಟಾರೇ ಜನಕವಾಗಿ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ ಆ ಶಕ್ತಿಗೆ ಎಡೆಯಿರುವುದಿಲ್ಲ ಎಂಬುದನ್ನು ಮರೆಯಬಾರದು.

ಇಳಿಜಾರು ತೊಡಗುವ ಮುನ್ನವೇ ಕೆಳಗಿನ ಗೇರಿಗೆ ಬರಬೇಕು. ತಿರುವಿಗೆ ಮೊದಲೇ ಬ್ರೇಕನ್ನು ದೃಢವಾಗಿ ಒತ್ತಿ, ವೇಗ ತಗ್ಗಿದೊಡನೆ ಬಿಟ್ಟು, ಅದಕ್ಕೆ ತಣಿಯಲು ಅವಕಾಶ ಕೊಡಬೇಕು. ಸುಟ್ಟ ವಾಸನೆ ಬಂದರೆ ಅಥವಾ ಪೆಡಲು ಮೆತ್ತಗಾದರೆ ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ ಕಾಯಬೇಕು. ಕಾದ ಕಬ್ಬಿಣ ಬಿರಿಯಬಹುದಾದುದರಿಂದ ಅದರ ಮೇಲೆ ನೀರು ಸುರಿಯಕೂಡದು. ಚಾಲಕನ ಪಕ್ಕದಲ್ಲಿ ಕುಳಿತ ವಿದ್ಯಾರ್ಥಿಯೂ ಆ ವಾಸನೆಯನ್ನು ಗುರುತಿಸಿ, ‘ಸ್ವಲ್ಪ ನಿಲ್ಲಿಸಿ’ ಎಂದು ಹೇಳಬಲ್ಲನು. ಅರ್ಧ ಗಂಟೆ ತಡವಾದರೂ ಸಮುದ್ರ ಅಲ್ಲಿಯೇ ಇರುತ್ತದೆ.