ಜೋಸ್ ಊರಿನ ಬಾಣಲೆ

ಡಿಸೆಂಬರ್ ಬೆಳಗು. ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿ ಊರಿಗೆಲ್ಲ ಧೂಳು ಬಳಿದಿದೆ. ನೈಜೀರಿಯಾ ಎಂದರೆ ಬರೀ ಬೆವರು ಎಂದುಕೊಂಡವರು ಜೋಸ್‌ಗೆ ಬಂದು ನಡುಗಬೇಕು. ಸುಮಾರು 1,200 ಮೀಟರ್ ಎತ್ತರದ ಪ್ರಸ್ಥಭೂಮಿ ಇದು, ಸ್ವೆಟರ್ ಬೇಕೇ ಬೇಕು.

ರಸ್ತೆ ಬದಿಯ ಒಲೆಯ ಮುಂದೆ ಒಬ್ಬಾಕೆ. ನೆನೆಸಿ, ಸಿಪ್ಪೆ ಕಳೆದು ರುಬ್ಬಿದ ಅಲಸಂದೆ ಹಿಟ್ಟನ್ನು ಬಡಿಬಡಿದು ಹಗುರ ಮಾಡುತ್ತಾಳೆ. ಈರುಳ್ಳಿ, ಮೆಣಸಿನಕಾಯಿ ಸೇರಿದ ಹಿಟ್ಟು ಚಮಚದಿಂದ ಜಾರಿ ಎಣ್ಣೆಗೆ ಬಿದ್ದಾಗ ಚುಂಯ್ ಎನ್ನುತ್ತದೆ. ನಮ್ಮ ಅಲಸಂದೆ ವಡೆಗೆ ಇದು ಅಕ್ಕ; ಅಲಸಂದೆಯ ತವರು ಆಫ್ರಿಕವೇ ತಾನೆ! ಹೌಸಾ ಮಾತಿನವರಿಗೆ ಇದು ಕೊಸೈ, ಯೊರುಬಾದವರಿಗೆ ಅಕಾರಾ. ಜೊತೆಗಿನ ಹುಳಿ ಗಂಜಿಗೆ ಹೌಸಾದಲ್ಲಿ ಕೊಕೊ, ಯೊರುಬಾದಲ್ಲಿ ಒಗಿ, ಇಗ್ಬೊದಲ್ಲಿ ಅಕಾಮು. ಹೇಗೆ ಕೇಳಿದರೂ ಬರುವುದು ಅದೇ ಪಾತ್ರೆಯಿಂದ. ಬೆಲೆ ವಿಚಾರಿಸುವಾಗ ಮಾತ್ರ ಬಹುತೇಕರ ಬಾಯಲ್ಲಿ ಹೌಸಾ: “ನಾವಾ ನೆ?”

ಬೆರೊಮ್, ಅಫಿಜೆರೆ, ಅನಗುಟ ಜನ ಇಲ್ಲಿನ ಹಳಬರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬ್ರಿಟಿಷರು ತವರದ ಗಣಿ ತೆಗೆದದ್ದೇ ತಡ, ಉತ್ತರದಿಂದ ಹೌಸಾ ಕೂಲಿಗಳು, ದಕ್ಷಿಣದಿಂದ ಇಗ್ಬೊ, ಯೊರುಬಾ ವ್ಯಾಪಾರಿಗಳು, ಗುಮಾಸ್ತರು ಬಂದಿಳಿದರು. ಆ ಗಣಿಗುಂಡಿಗಳು ಈಗ ಕೆರೆಗಳು. ಮಳೆಯಿಲ್ಲದ ತಿಂಗಳುಗಳಲ್ಲಿ ತರಕಾರಿ ತೋಟಗಳಿಗೆ ಅಲ್ಲಿಂದಲೇ ನೀರು.

ಮಾರುಕಟ್ಟೆಯ ಚೌಕಾಸಿಯಷ್ಟೇ ಅಲ್ಲ, ಎಷ್ಟೋ ಚರ್ಚುಗಳ ಪ್ರಾರ್ಥನೆಯೂ ಹೌಸಾದಲ್ಲೇ. ಮಸೀದಿಯ ಬೋಧನೆಯೂ ಅದರಲ್ಲೇ. ಮಾತು ಒಂದಾದರೆ ಜಗಳ ನಿಲ್ಲುತ್ತದೆ ಎಂದು ನಂಬುವವರಿಗೆ ಈ ಊರು ತೊಡಕಿನ ಲೆಕ್ಕ. 2001ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕ್ರೈಸ್ತರು, ಮುಸ್ಲಿಮರ ನಡುವಿನ ಗಲಭೆಯಲ್ಲಿ ಹೆಣಗಳು ಉರುಳಿದವು. ಮರುವರ್ಷ ದೊಡ್ಡ ಮಾರುಕಟ್ಟೆ ಸುಟ್ಟು ಹೋಯಿತು. ಬೆರೆತು ಬಾಳಿದ್ದ ಕೇರಿಗಳು ಧರ್ಮದ ಗೆರೆ ಎಳೆದುಕೊಂಡವು. ಒಳಗಿನ ಉರಿ ಧರ್ಮದ್ದಷ್ಟೇ ಅಲ್ಲ. ಊರಿನವರು ಯಾರು, ಬಂದವರು ಯಾರು ಎಂಬುದರದ್ದೂ ಹೌದು. ಸ್ಥಳೀಯ ಆಡಳಿತ ಕೊಡುವ ‘ಮೂಲನಿವಾಸಿ’ ಪತ್ರವಿಲ್ಲದಿದ್ದರೆ ಸರ್ಕಾರಿ ಕೆಲಸ, ವಿದ್ಯಾರ್ಥಿವೇತನ ಕಷ್ಟ. ತಾತನ ಕಾಲದಿಂದ ಇಲ್ಲೇ ಇರುವ ಮನೆತನಕ್ಕೂ ಆ ಕಾಗದ ಸಿಗದಿರಬಹುದು.

ಹಳದಿ ಆಟೊವೊಂದು ಒಲೆಯ ಪಕ್ಕ ನಿಲ್ಲುತ್ತದೆ. ನಮ್ಮ ಆಟೊವೇ, ಇಲ್ಲಿ ಹೆಸರು ಕೆಕೆ. ಚಾಲಕ ಪಿಜಿನ್ ಇಂಗ್ಲಿಷ್‌ನಲ್ಲಿ “ಹೌ ಫಾ?” ಎಂದು ಕ್ಷೇಮ ಕೇಳುತ್ತಾನೆ. ಆಕೆ ಹೌಸಾದಲ್ಲಿ ಏನೋ ಗದರಿ, ಹಳೆಯ ಪತ್ರಿಕೆಯಲ್ಲಿ ಆರು ಕೊಸೈ ಸುತ್ತುತ್ತಾಳೆ. ಅಚ್ಚಾದ ಅಕ್ಷರಗಳ ಮೇಲೆ ಎಣ್ಣೆ ಮೆಲ್ಲಗೆ ಹರಡುತ್ತದೆ.