ಪ್ರಬಂಧಗಳ ಲೆಕ್ಕ

“ಹೆಚ್ಚು ಪ್ರಬಂಧ ಬರೆದವರೇ ದೊಡ್ಡ ವಿಜ್ಞಾನಿಗಳೆ, ಸಾರ್?” ಎಂದು ಕೊಟ್ಟೂರು, ಹಡಗಲಿಗಳ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು.

ಒಬ್ಬರ ಪ್ರಬಂಧವನ್ನು ಇತರರು ತಮ್ಮ ಬರಹದಲ್ಲಿ ಆಧಾರವಾಗಿ ಹೆಸರಿಸುವುದೇ ಉಲ್ಲೇಖ. ಅದನ್ನೆಣಿಸಿ ಸಂಶೋಧಕರನ್ನು ಅಳೆಯುವ ಸೂತ್ರವೊಂದನ್ನು 2005ರಲ್ಲಿ ಹಿರ್ಷ್ ಎಂಬವರು ಸೂಚಿಸಿದರು. ಅವರು ನಮ್ಮ ಭೌತಶಾಸ್ತ್ರದವರೇ! ಐದು ಪ್ರಬಂಧಗಳಿಗೆ 50, 9, 4, 4, 1 ಉಲ್ಲೇಖಗಳು ಬಂದಿವೆಯೆನ್ನೋಣ. ನಾಲ್ಕಾದರೂ ಉಲ್ಲೇಖಗಳುಳ್ಳ ಪ್ರಬಂಧಗಳು ನಾಲ್ಕಿವೆ. ಐದಾದರೂ ಉಳ್ಳವು ಐದಿಲ್ಲ. ಆದ್ದರಿಂದ ‘ಎಚ್-ಸೂಚ್ಯಂಕ’ 4. ಮೊದಲನೆಯದಕ್ಕೆ 5000 ಬಂದರೂ ಅದು ಬದಲಾಗದು.

ಹರಪನಹಳ್ಳಿಯಿಂದ ಪಡುವಣಕ್ಕೆ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಣ ಹಳ್ಳಿಗರು ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಹೊಸ ವೈರಸ್ಸೊಂದನ್ನು ಕಂಡುಹಿಡಿದು ಪ್ರಕಟಿಸಿದರು. ಕಾಡಿನ ಉಣುಗುಗಳೇ ಅದರ ವಾಹಕಗಳು. ರೋಗವು ಬಹುಮಟ್ಟಿಗೆ ಪಶ್ಚಿಮ ಘಟ್ಟಗಳಿಗೆ ಸೀಮಿತವಾದುದರಿಂದ ಅದನ್ನು ಅಭ್ಯಸಿಸುವವರು ಕಡಿಮೆ, ಉಲ್ಲೇಖಿಸುವವರೂ ಕಡಿಮೆ. ಕ್ಯಾನ್ಸರನ್ನು ಕುರಿತು ಬರೆದವರಿಗಾದರೋ ಜಗತ್ತೆಲ್ಲ ಓದುಗರು! ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮಗೆ ಸರಿಕಾಣದು.

ಇಂದಿಗೂ ಮಲೆನಾಡಿನ ರೋಗಿಯ ರಕ್ತಪರೀಕ್ಷೆಯ ಚೀಟಿಯಲ್ಲಿ ಆ ಕಾಡಿನ ಹೆಸರಿನ ವೈರಸ್ಸನ್ನು ಬರೆಯುತ್ತಾರೆ. ಆ ಚೀಟಿ ಉಲ್ಲೇಖಗಳ ಲೆಕ್ಕಕ್ಕೆ ಸೇರುವುದಿಲ್ಲ.